ಗೇರುಬೀಜ ಹತ್ತಿದ ಕೈ

ನಮ್ಮ ಮನೆಯ ಹೆಣ್ಣೊಬ್ಬಳು ಬಿ.ಎ. ಪಾಸಾಗುವುದು ಸಾಧ್ಯವೇ ಇಲ್ಲ ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಬಾಬು ಮಾವ. ಅಮ್ಮನ ಅಣ್ಣ. ನಮ್ಮಲ್ಲಿ ಮನೆಯ ಯಜಮಾನಿಕೆ ಸೋದರಮಾವನದ್ದು. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ಅಮ್ಮನೂ ನಾನೂ ಕಾವೂರಿನ ಮಾವನ ಮನೆಯಲ್ಲೇ ಇದ್ದೆವು. ಮಾವ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ.

"ಬಿ.ಎ. ಅಂದ್ರೆ ಎಂತ ಅಂತ ಗೊತ್ತುಂಟಾ ಸರೋಜಾ? ನಮ್ಮ ಕುಟುಂಬದಲ್ಲಿ ಇಷ್ಟರ ತನಕ ಒಬ್ಬ ಎಸ್.ಎಸ್.ಎಲ್.ಸಿ.ಯ ಮೆಟ್ಟಿಲು ಕಂಡವನಿಲ್ಲ. ನೀನು ಅದರ ಮೇಲಿನ ಮಾಳಿಗೆಗೆ ಹತ್ತುವವಳಾ?"

"ಹತ್ತಿ ನೋಡ್ತೇನೆ ಮಾವ."

"ಹತ್ತು, ಹತ್ತು. ಬಿದ್ರೆ ಕೆಳಗೆ ಬೀಜದ ಕಾರ್ಖಾನೆ ಉಂಟಲ್ಲ."

ನಾನು ಬಿ.ಎ. ಆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಕಾಲೇಜಿನ ಒಳಗೆ ಕಾಲಿಟ್ಟ ಮೊದಲನೆಯವಳು ನಾನು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಆದರೆ ಇಲ್ಲಿ ಬರೆಯಲು ಹೊರಟದ್ದು ಓದಿನ ನಡುವೆ ನನ್ನ ಎರಡು ಕೈಗಳಿಗೆ ಆದದ್ದನ್ನು. ಕಾರ್ಖಾನೆಯಿಂದ ಬರುವ ಹುಡುಗಿಯರು ಇವತ್ತಿಗೂ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನ ಮೂಲೆಯಲ್ಲಿ ನಿಲ್ಲುವುದನ್ನು ಕಾಣುತ್ತೇನೆ. ಅವರಲ್ಲಿ ಒಬ್ಬಳಾದರೂ ಇದನ್ನು ಓದಲಿ, ಓದಲು ಬಾರದಿದ್ದರೆ ಮನೆಯಲ್ಲಿ ಯಾರಾದರೂ ಓದಿ ಹೇಳಲಿ.

ಬೀಜದ ಕಾರ್ಖಾನೆಯ ಕೆಲಸ ನೋಡದವರಿಗೆ ಸ್ವಲ್ಪ ಹೇಳಬೇಕು. ಡ್ರಮ್ಮಿನಲ್ಲಿ ಹುರಿದ ಬೀಜವನ್ನು ಕಪ್ಪು ರಾಶಿಯಾಗಿ ಮುಂದೆ ಸುರಿಯುತ್ತಾರೆ. ಹೆಂಗಸರು ಸಾಲಾಗಿ ನೆಲದಲ್ಲಿ ಕೂತು ಒಂದೊಂದನ್ನೇ ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಗುದ್ದುತ್ತಾರೆ. ಒಳಗಿನ ಬೀಜ ತುಂಡಾಗಬಾರದು, ಹೊರಗಿನ ಸಿಪ್ಪೆ ಪೂರ್ತಿ ಬಿಡಬೇಕು. ಆ ಸಿಪ್ಪೆಯೊಳಗೆ ಕಂದು ಬಣ್ಣದ ಒಂದು ಎಣ್ಣೆ ಇರುತ್ತದೆ. ಅದು ತಾಗಿದ ಚರ್ಮ ಸುಟ್ಟು ಕಪ್ಪಾಗುತ್ತದೆ. ಅದಕ್ಕಾಗಿ ಪ್ರತಿಯೊಬ್ಬಳೂ ಮನೆಯಿಂದ ಒಂದು ಸಣ್ಣ ಡಬ್ಬಿಯಲ್ಲಿ ತೆಂಗಿನೆಣ್ಣೆ ತರುತ್ತಾಳೆ. ನಾಲ್ಕು ಬೀಜ ಗುದ್ದುವುದು, ಬೆರಳನ್ನು ಡಬ್ಬಿಗೆ ಅದ್ದುವುದು, ಮೇಲೆ ಒಂದಿಷ್ಟು ಬೂದಿ ತಿಕ್ಕಿಕೊಳ್ಳುವುದು, ಮತ್ತೆ ಗುದ್ದುವುದು. ಅಮ್ಮ ಮದುವೆಗಿಂತ ಮೊದಲೇ ಕಲಿತ ಕೆಲಸ ಅದು. ಅವಳ ಅಂಗೈ ಹಳೆಯ ಬಾಣಲೆಯ ತಳದ ಹಾಗೆ ಇತ್ತು. ಕೆಂಡ ಹಿಡಿದರೂ ಅವಳಿಗೆ ತಡವಾಗಿ ಗೊತ್ತಾಗುತ್ತಿತ್ತು.

ಕಾಲೇಜು ಸೇರಿದ ಮೇಲೆ ಆದಿತ್ಯವಾರ ಮತ್ತು ರಜೆಗಳಲ್ಲಿ ನಾನೂ ಅಮ್ಮನ ಪಕ್ಕದಲ್ಲಿ ಕೂರತೊಡಗಿದೆ. ಫೀಸು, ಬಸ್ಸು, ಪುಸ್ತಕ ಎಲ್ಲ ಅದರಿಂದಲೇ. ಒಂದೇ ಡಬ್ಬಿ, ಇಬ್ಬರ ಬೆರಳು. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷದ ದಸರಾ ರಜೆ ಮುಗಿಯುವಾಗ ಬೆರಳ ಸಂದಿಯಲ್ಲಿ ಸಾಸಿವೆಯಷ್ಟು ನೀರುಗುಳ್ಳೆಗಳೆದ್ದವು. ತುರಿಕೆ ಎಂದರೆ ಪುಸ್ತಕದ ಒಂದು ಸಾಲು ಓದಿ ಮುಗಿಸಲು ಬಿಡದಂಥ ತುರಿಕೆ.

"ಬೀಜ ಹತ್ತಿದ್ದು," ಎಂದಳು ಅಮ್ಮನ ಸಾಲಿನಲ್ಲಿ ಕೂರುತ್ತಿದ್ದ ಕಲ್ಯಾಣಿಯಕ್ಕ. "ಎಲ್ಲರಿಗೂ ಹತ್ತುತ್ತದೆ ಮಾರಾಯ್ತಿ. ಒಂದು ಚರ್ಮ ಹೋಗಿ ಇನ್ನೊಂದು ಬಂದರೆ ಗಟ್ಟಿಯಾಯ್ತು. ಕಾಲೇಜಿನ ಚರ್ಮ ಅಲ್ವಾ, ಸ್ವಲ್ಪ ತಡ ಆಗಬಹುದು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನದು ಗಟ್ಟಿಯಾಗಲಿಲ್ಲ. ಗುಳ್ಳೆ ಒಡೆದು ನೀರು ಸೋರಿತು, ಮೇಲೆ ಹೊಪ್ಪಳೆ ಕಟ್ಟಿತು, ಹೊಪ್ಪಳೆಯ ಬದಿಯಲ್ಲಿ ಹೊಸ ಗುಳ್ಳೆ. ಕೈಯಿಂದ ಮೊಣಕೈಗೆ ಬಂತು, ಕುತ್ತಿಗೆಗೆ ಬಂತು. ಒಂದು ಬೆಳಿಗ್ಗೆ ಎದ್ದಾಗ ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿಹೋಗಿತ್ತು.

ಸಂಜೆ ನಾನು ಮಿಂದು ಬಂದ ಕೂಡಲೇ ಅಮ್ಮ ಡಬ್ಬಿ ತೆಗೆದು ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದೊಂದು ಬೆರಳಿಗೂ ಎಣ್ಣೆ ಹಚ್ಚಿದಳು. ಅಷ್ಟು ಮೆಲ್ಲಗೆ ಅವಳು ಯಾವುದನ್ನೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಮತ್ತೆ ಅದು ದಿನದ ಕ್ರಮವೇ ಆಯಿತು.

ಬಾಬು ಮಾವ ನೋಡಿದರು. ಚರ್ಮದ ಕಾಯಿಲೆ ಬಂದರೆ ನಮ್ಮಲ್ಲಿ ಯಾರಾದರೂ ಮೊದಲು ನೆನೆಯುವುದು ನಾಗನನ್ನು. "ಬನಕ್ಕೆ ಹೋಗದೆ ಎಷ್ಟು ಸಮಯ ಆಯ್ತು? ಅವನು ನೆನಪು ಮಾಡಿದ್ದು," ಎಂದು ಮೂಲಮನೆಯ ನಾಗಬನಕ್ಕೆ ಕರೆದುಕೊಂಡು ಹೋಗಿ ಹಾಲು, ಎಳನೀರು ಇಟ್ಟು ತಂಬಿಲದ ಪೂಜೆ ಮಾಡಿಸಿದರು. ನಾಗನ ಕಲ್ಲಿನಿಂದ ತೆಗೆದ ಅರಸಿನದ ಪ್ರಸಾದವನ್ನು ಅಮ್ಮ ಎಣ್ಣೆಯಲ್ಲಿ ಕಲಸಿ ಹಚ್ಚಿದಳು. ನಾನು ಕೈಮುಗಿದು ನಿಂತೆ. ಆ ಬಗ್ಗೆ ನನಗೆ ಇವತ್ತೂ ತಕರಾರಿಲ್ಲ, ಹೆದರಿದವರಿಗೆ ಹೋಗಿ ನಿಲ್ಲಲು ಒಂದು ಜಾಗ ಬೇಕು. ಆದರೆ ಕೈ ವಾಸಿಯಾಗಲಿಲ್ಲ.

ಕಾಲೇಜಿನಲ್ಲಿ ನನ್ನ ಬೆಂಚಿನಲ್ಲಿ ನಾಲ್ವರು ಕೂರುತ್ತಿದ್ದೆವು. ಮೊದಲು ಇಬ್ಬರು ಮುಂದಿನ ಬೆಂಚಿಗೆ ಹೋದರು, ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಉಳಿದವಳು ಜೊಹರಾ. ಬಂದರಿನಲ್ಲಿ ಅವಳ ತಂದೆಯ ಅಕ್ಕಿ ಅಂಗಡಿ ಇತ್ತು. ಅವರ ಮನೆಯಲ್ಲಿಯೂ ಹುಡುಗಿ ಕಾಲೇಜಿಗೆ ಬಂದದ್ದು ಅದೇ ಮೊದಲು.

"ನೀನು ಎಂತಕ್ಕೆ ಹೋಗಲಿಲ್ಲ?" ಎಂದು ಕೇಳಿದೆ.

"ನಾಲ್ಕು ಜನ ಕೂತು ಸೊಂಟ ನೋವಾಗ್ತಿತ್ತು. ಈಗ ಅಲ್ವಾ ಆರಾಮ," ಎಂದಳು.

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಕೆಟ್ಟ ಹೆಂಗಸಲ್ಲ. ಮೇಜಿನ ಆಚೆಯಿಂದಲೇ ನನ್ನ ಕೈ ನೋಡಿದರು. ನೋಡಿದ ಕೂಡಲೇ ಕಿಟಕಿಯ ಕಡೆ ಮುಖ ಮಾಡಿದರು.

"ಸರೋಜಾ, ಹುಡುಗಿಯರ ಮನೆಯವರು ಬಂದು ಕೇಳ್ತಾರೆ. ಇದು ದೊಡ್ಡ ರೋಗ ಅಂತ ಒಂದು ಮಾತು ಎದ್ದಿದೆ. ನಾನು ಹಾಗೆ ಹೇಳುವುದಿಲ್ಲ. ಆದರೆ ಡಾಕ್ಟರ ಸರ್ಟಿಫಿಕೇಟು ತರುವ ತನಕ ಕ್ಲಾಸಿಗೆ ಬರುವುದು ಬೇಡ."

"ಹಾಜರಿ ಕಡಿಮೆಯಾದರೆ ಮೇಡಂ?"

"ಪರೀಕ್ಷೆಗೆ ಕೂರಲಿಕ್ಕೆ ಆಗುವುದಿಲ್ಲ. ಆದ್ದರಿಂದ ಬೇಗ ತಾ."

ದೊಡ್ಡ ರೋಗ ಎಂದರೆ ಕುಷ್ಠ. ಆ ಕಾಲದಲ್ಲಿ ಆ ಹೆಸರನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಕಾಲೇಜಿದ್ದ ಬಲ್ಮಠದಿಂದ ಬಸ್ಸು ಹತ್ತದೆ ನಡೆದುಕೊಂಡೇ ಬಹಳ ದೂರ ಬಂದೆ. ಬಸ್ಸಿನ ಕಂಬಿಯನ್ನು ಹಿಡಿಯಲು ಧೈರ್ಯವಾಗಲಿಲ್ಲ. ನಾನೇ ನನ್ನ ಕೈಗೆ ಹೆದರಿದ್ದು ಅವತ್ತು.

ಕಂಕನಾಡಿಯ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ವಾರದಲ್ಲಿ ಒಂದು ಬೆಳಿಗ್ಗೆ ಮಾತ್ರ ನೋಡುತ್ತಿದ್ದರು. ಮಾವ ಕೆಲಸಕ್ಕೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದರು. ಉದ್ದ ಜಗಲಿ, ಗೋಡೆಗೆ ತಾಗಿಸಿದ ಬೆಂಚುಗಳು, ಡೆಟ್ಟಾಲಿನ ವಾಸನೆ. ಅಲ್ಲಿ ಕೂತವರೆಲ್ಲ ತಮ್ಮ ದೇಹದ ಒಂದು ಭಾಗವನ್ನು ಮುಚ್ಚಿಕೊಂಡೇ ಕೂತಿದ್ದರು. ಒಬ್ಬಳು ಕುತ್ತಿಗೆಗೆ ಶಾಲು ಸುತ್ತಿದ್ದಳು, ಒಬ್ಬ ಕಾಲಿಗೆ ಗೋಣಿಯ ತುಂಡು. ನನ್ನ ಪಕ್ಕದಲ್ಲಿದ್ದ ಗಾರೆ ಕೆಲಸದ ಮೇಸ್ತ್ರಿಯೊಬ್ಬರು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಅವರೇ ಮಾತೆತ್ತಿದರು.

"ನಿಮ್ಮದು ಎಂತದು ತಂಗಿ?"

"ಬೀಜ. ನಿಮ್ಮದು?"

"ಸಿಮೆಂಟು." ಕೈ ತೆಗೆದು ತೋರಿಸಿದರು. ಬಿರುಕುಬಿಟ್ಟ ಬೆರಳುಗಳು, ನನ್ನದಕ್ಕಿಂತ ಒಣಗಿದವು, ಆದರೆ ಅದೇ ಜಾತಿ. "ಹಾಗಾದರೆ ನಾನೊಂದು ಮನೆ ಕಟ್ತೇನೆ, ನೀವು ಒಳಗೆ ಕೂತು ಪಾಯಸಕ್ಕೆ ಬೀಜ ಹಾಕಿ. ಮನೆಯೊಕ್ಕಲಿಗೆ ಮಾತ್ರ ಯಾರೂ ಬರಲಿಕ್ಕಿಲ್ಲ."

ಮಾವ ಜೋರಾಗಿ ನಕ್ಕರು. ಎಷ್ಟೋ ವಾರಗಳಿಂದ ನನ್ನ ಕೈಯನ್ನು ಸೆರಗಿನ ಹೊರಗೆ ಇಟ್ಟು ಕೂತದ್ದು ಅಲ್ಲಿ, ಆ ಬೆಂಚಿನಲ್ಲಿ. ಕಾಯಿಲೆಯವರ ನಡುವೆ ಕಾಯಿಲೆ ಮರೆತುಹೋಗುವುದು ಎಂಥ ಉಪಕಾರ ಎಂದು ಅನುಭವಿಸಿದವರಿಗೇ ಗೊತ್ತು.

ಡಾಕ್ಟರು ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಸವರಿದರು, ಸೂಜಿಯಿಂದ ಚುಚ್ಚಿದರು. "ಗೊತ್ತಾಗ್ತದಾ?"

"ಗೊತ್ತಾಗ್ತದೆ ಡಾಕ್ಟ್ರೇ. ಬೇಕಾದ್ದಕ್ಕಿಂತ ಹೆಚ್ಚು ಗೊತ್ತಾಗ್ತದೆ."

"ಹಾಗಾದರೆ ಒಳ್ಳೆಯದು. ದೊಡ್ಡ ರೋಗ ಆಗಿದ್ದರೆ ಇಷ್ಟು ಗೊತ್ತಾಗುತ್ತಿರಲಿಲ್ಲ." ಎಲರ್ಜಿ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅವರಿಂದ. ಬೀಜದ ಎಣ್ಣೆ ಕೆಲವರ ಮೈಗೆ ಆಗುವುದಿಲ್ಲ, ಒಮ್ಮೆ ಆಗದೆ ಹೋದರೆ ಮತ್ತೆ ಯಾವತ್ತೂ ಆಗುವುದಿಲ್ಲ, ಅಷ್ಟೇ ಎಂದರು.

ಮಾವ ಮುಂದೆ ಬಂದರು. "ಹಾಗಾದರೆ ಒಂದು ಸರ್ಟಿಫಿಕೇಟು, ಡಾಕ್ಟ್ರೇ."

"ಬರೆದುಕೊಟ್ಟರೆ ಅದು ನನ್ನ ಮಾತು. ಬೀಜದಿಂದ ಆದದ್ದಾದರೆ ಬೀಜ ಬಿಟ್ಟ ಮೇಲೆ ಒಣಗಬೇಕು. ಒಣಗಿಸಿಕೊಂಡು ಬರಲಿ, ಪೂರ್ತಿ ಧೈರ್ಯದಲ್ಲಿ ಬರೆದುಕೊಡ್ತೇನೆ. ಕಾರ್ಖಾನೆಗೆ ಕಾಲಿಡಬಾರದು. ಮನೆಯಲ್ಲಿ ಬೇರೆ ಎಂತ ಹಚ್ತೀ?"

"ಬೇರೆ ಎಂತದೂ ಇಲ್ಲ ಡಾಕ್ಟ್ರೇ," ಎಂದೆ.

ನೇರಳೆ ಬಣ್ಣದ ನೀರಿನಲ್ಲಿ ಕೈ ಅದ್ದಲು ಒಂದು ಪುಡಿ, ಮೇಲೆ ಹಚ್ಚಲು ಗುಲಾಬಿ ಬಣ್ಣದ ಮದ್ದು ಕೊಟ್ಟರು. ಕಾರ್ಖಾನೆ ಬಿಟ್ಟೆ. ಮನೆಯಲ್ಲೇ ಕೂತೆ. ಮಾವ ದಿನಾ ಕೆಲಸ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಬಂದರಿಗೆ ಹೋಗಿ ಅಕ್ಕಿ ಅಂಗಡಿಯ ಎದುರು ನಿಂತು ಜೊಹರಾ ಬರೆದಿಟ್ಟ ನೋಟ್ಸು ತರುತ್ತಿದ್ದರು.

"ನಾನು ಪಾಸಾಗುವುದಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ ಮಾವ?" ಎಂದು ಒಮ್ಮೆ ಕೆಣಕಿದೆ.

"ಪಾಸಾಗುವುದಿಲ್ಲ ಅಂದದ್ದು ನಿಜ. ನೋಟ್ಸು ತರುವುದಿಲ್ಲ ಅಂದಿಲ್ಲವಲ್ಲ," ಎಂದು ಸೈಕಲನ್ನು ಗೋಡೆಗೆ ಒರಗಿಸಿದರು.

ಮೊದಲ ವಾರ ಗುಳ್ಳೆ ಸ್ವಲ್ಪ ಬಾಡಿದ ಹಾಗೆ ಕಂಡಿತು. ಆಮೇಲೆ ಇನ್ನೊಮ್ಮೆ ಎದ್ದಿತು, ಮೊದಲಿಗಿಂತ ಹೆಚ್ಚು. ನಾನು ಕಾರ್ಖಾನೆಯ ಗೇಟು ಸಹ ನೋಡಿರಲಿಲ್ಲ. ಈಗ ನಿಜವಾದ ಹೆದರಿಕೆ ಬಂತು. ಬೀಜ ಬಿಟ್ಟರೂ ಒಣಗದಿದ್ದರೆ ಇದು ಬೀಜದ್ದಲ್ಲ. ಬೀಜದ್ದಲ್ಲದಿದ್ದರೆ ಮತ್ತೆ ಯಾವುದು? ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಅತ್ತೆ, ಅಂದರೆ ಮಾವನ ಹೆಂಡತಿ, ನನ್ನ ಬಟ್ಟಲನ್ನು ಬೇರೆ ತೊಳೆದಿಡಲು ಶುರುಮಾಡಿದರು. ಯಾರಿಗೂ ಕಾಣದ ಹಾಗೆ ಮಾಡುತ್ತಿದ್ದರು, ನನಗೆ ಕಾಣುತ್ತಿತ್ತು. ಅಮ್ಮ ಮಾತ್ರ ಸಂಜೆ ತಪ್ಪದೆ ಬಂದು ಕೂತು ನನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡು ಎಣ್ಣೆ ಹಚ್ಚುತ್ತಿದ್ದಳು. ಗುಲಾಬಿ ಮದ್ದು ಬೆಳಿಗ್ಗೆ, ಅಮ್ಮನ ಎಣ್ಣೆ ಸಂಜೆ.

ಎರಡನೇ ಸಲ ಡಾಕ್ಟರಲ್ಲಿಗೆ ಹೋದಾಗ ನನ್ನ ಜೊತೆ ಅಮ್ಮ ಬಂದಳು. ಕಾಯುವವರ ಸಾಲು ಉದ್ದವಿತ್ತು. ಮೇಸ್ತ್ರಿ ಕಾಣಲಿಲ್ಲ, ವಾಸಿಯಾಗಿರಬೇಕು ಎಂದುಕೊಂಡೆ. ಬಿಸಿಲು ಜಗಲಿಗೆ ಬಂದು ತುರಿಕೆ ಏರಿತು. ನಾನು ಕೈಯನ್ನು ಬೆಂಚಿನ ಅಂಚಿಗೆ ಉಜ್ಜುವುದನ್ನು ನೋಡಿ ಅಮ್ಮ ಚೀಲದಿಂದ ಡಬ್ಬಿ ತೆಗೆದಳು. "ಕೊಡು ಇಲ್ಲಿ. ತುರಿಸಬೇಡ."

ಅವಳು ಅರ್ಧ ಹಚ್ಚಿದ್ದಳು. ವಾರ್ಡಿನಿಂದ ಬರುತ್ತಿದ್ದ ಡಾಕ್ಟರು ನಮ್ಮ ಎದುರೇ ನಿಂತರು.

"ಅದೆಂತ ಅಮ್ಮ?"

"ಎಣ್ಣೆ ಡಾಕ್ಟ್ರೇ. ತೆಂಗಿನೆಣ್ಣೆ. ಮನೆಯದ್ದೇ."

"ದಿನಾ ಹಚ್ತೀರಾ?"

"ದಿನಾ. ಒಂದು ದಿನ ಬಿಟ್ಟಿಲ್ಲ," ಎಂದಳು ಅಮ್ಮ ಹೆಮ್ಮೆಯಿಂದ.

ಅವರು ನನ್ನ ಕಡೆ ತಿರುಗಿದರು. "ಬೇರೆ ಎಂತದೂ ಹಚ್ಚುವುದಿಲ್ಲ ಅಂದಿಯಲ್ಲ?"

"ಇದು ಎಣ್ಣೆ ಅಲ್ವಾ ಡಾಕ್ಟ್ರೇ," ಎಂದೆ. ಸುಳ್ಳು ಹೇಳಿದವಳಲ್ಲ ನಾನು. ನಮ್ಮ ಕಡೆಯಲ್ಲಿ ಎಣ್ಣೆ ಹಚ್ಚುವುದನ್ನು ಹಚ್ಚುವುದೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ನೀರು ಕುಡಿದದ್ದನ್ನು ಊಟವೆಂದು ಹೇಳುತ್ತೇವೆಯೇ?

ಡಾಕ್ಟರು ಡಬ್ಬಿ ತೆಗೆದುಕೊಂಡು ಮೂಸಿದರು. "ಇದು ಯಾವ ಡಬ್ಬಿ ಅಮ್ಮ?"

"ಕೆಲಸಕ್ಕೆ ಕೊಂಡುಹೋಗುವುದು. ಉಳಿದದ್ದನ್ನು ಚೆಲ್ಲಲಿಕ್ಕೆ ಆಗ್ತದಾ?"

ಅವರು ಒಂದು ಬಿಳಿ ಬಟ್ಟೆಯ ತುಂಡನ್ನು ಡಬ್ಬಿಯ ತಳಕ್ಕೆ ಅದ್ದಿ ತೆಗೆದು ಬಿಸಿಲಿಗೆ ಹಿಡಿದರು. ಕಂದು ಬಣ್ಣ. ಬೂದಿ ಎಂದು, ಪ್ರಸಾದದ ಅರಸಿನ ಎಂದು ನಾವು ತಿಳಿದುಕೊಂಡದ್ದು. ಇಡೀ ದಿನ ಬೀಜ ಗುದ್ದಿದ ಬೆರಳು ಮತ್ತೆ ಮತ್ತೆ ಅದ್ದಿದ ಎಣ್ಣೆ ಅದು. ನಾನು ಕಾರ್ಖಾನೆ ಬಿಟ್ಟರೂ ಕಾರ್ಖಾನೆ ಪ್ರತಿ ಸಂಜೆ ನನ್ನ ಕೈಗೆ ಬರುತ್ತಿತ್ತು, ಅಮ್ಮನ ಮಡಿಲಲ್ಲಿ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅಮ್ಮನಿಗೆ ಸುಲಭವಾಗುತ್ತಿತ್ತೋ ಏನೋ. ಮೆಲ್ಲಗೆ ಬಿಡಿಸಿ ಹೇಳಿದರು. ಡಬ್ಬಿ ಮಾತ್ರವಲ್ಲ, ಕೆಲಸದ ಸೀರೆ ಮನೆಯೊಳಗೆ ಬರಬಾರದು. ಅಂಗೈಯ ಬಿರುಕಿನೊಳಗೆ ಹೋದ ಎಣ್ಣೆ ಸೋಪಿಗೆ ಹೋಗುವುದಿಲ್ಲ. ಆದ್ದರಿಂದ ಹೊಸ ಚರ್ಮ ಬಂದು ಗಟ್ಟಿಯಾಗುವ ತನಕ ಅಮ್ಮ ನನ್ನನ್ನು ಮುಟ್ಟದಿರುವುದೇ ಒಳ್ಳೆಯದು.

"ಮುಟ್ಟಲೇಬಾರದಾ?" ಎಂದು ಕೇಳಿದಳು ಅಮ್ಮ.

"ಸ್ವಲ್ಪ ಸಮಯ."

ಆಸ್ಪತ್ರೆಯ ಗೇಟಿನ ಬದಿಯ ಚರಂಡಿಗೆ ಅವಳು ಎಣ್ಣೆ ಚೆಲ್ಲಿದಳು. ಒಂದು ಹನಿ ಎಣ್ಣೆಯನ್ನು ವ್ಯರ್ಥ ಮಾಡದವಳು. ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇತ್ತು. ಅವಳು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು.

"ನಿನಗೆ ಗೊತ್ತಿರಲಿಲ್ಲ ಅಲ್ವಾ ಅಮ್ಮ," ಎಂದೆ ತಿರುಗಿ.

"ಮುಂದೆ ನೋಡಿ ಕೂತುಕೋ. ವಾಂತಿ ಬರ್ತದೆ ನಿನಗೆ," ಎಂದಳು.

ಕಾಯಿಲೆ ಗುಣವಾದದ್ದು ಹೇಗೆ ಎಂದು ಕೇಳಿದರೆ ಇದೇ ಉತ್ತರ: ಅಮ್ಮ ನನ್ನನ್ನು ಮುಟ್ಟುವುದನ್ನು ಬಿಟ್ಟಳು. ಸಂಜೆ ಬಂದವಳು ಬಾವಿಕಟ್ಟೆಯಲ್ಲೇ ಮಿಂದು, ಸೀರೆಯನ್ನು ಹೊರಗೆ ನೆನೆಸಿ, ಆಮೇಲೆ ಜಗಲಿ ಹತ್ತುವಳು. ನನ್ನ ಜಡೆ ಹಾಕುವ ಕೆಲಸ ಅತ್ತೆಗೆ ಬಂತು. ಅಮ್ಮ ಬಾಗಿಲಲ್ಲಿ ನಿಂತು ಕಾರ್ಖಾನೆಯ ಮೇಲ್ವಿಚಾರಕರ ಹಾಗೆ ಹುಕುಂ ಕೊಡುತ್ತಿದ್ದಳು. "ಎಡದ ಬದಿ ಬಿಗಿಯಾಗಲಿಲ್ಲ ಅತ್ತಿಗೆ. ಕಿವಿಯ ಹಿಂದೆ ಕೂದಲು ಬಿಟ್ಟಿದೆ ನೋಡಿ."

"ಎಲ್ಲ ಗೊತ್ತುಂಟು ನನಗೆ. ಇವಳಿಗೆ ಮದುವೆಯಾ ಇವತ್ತು?" ಎಂದು ಅತ್ತೆ ರೇಗುವರು. ಆದರೆ ಬಟ್ಟಲು ಬೇರೆ ತೊಳೆಯುವುದು ನಿಂತಿತ್ತು. ನನ್ನ ಕೂದಲಲ್ಲಿ ಅವರ ಬೆರಳು ಓಡಾಡುವಾಗ ನನಗೆ ಅಳು ಬರುತ್ತಿತ್ತು. ಯಾರಾದರೂ ಮುಟ್ಟಿದರೆ ಅಷ್ಟೇ ಸಾಕಿತ್ತು. ಒಮ್ಮೊಮ್ಮೆ ಅಮ್ಮನ ಕೈ ತಾನಾಗಿ ಮುಂದೆ ಬಂದು, ನೆನಪಾಗಿ, ಸೊಂಟದ ಸೆರಗಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ನಾವಿಬ್ಬರೂ ಅದನ್ನು ಕಾಣದವರ ಹಾಗೆ ಇರುತ್ತಿದ್ದೆವು.

ಹೊಪ್ಪಳೆ ಉದುರಿತು. ಒಳಗಿಂದ ಎಳೆಮಗುವಿನದ್ದರ ಹಾಗೆ ತೆಳ್ಳಗಿನ, ಗುಲಾಬಿ ಬಣ್ಣದ ಚರ್ಮ ಬಂತು. ಪೆನ್ನು ಹಿಡಿದರೆ ಉರಿಯುತ್ತಿತ್ತು. ಪೆನ್ನಿಗೆ ಹಳೆಯ ಬಟ್ಟೆ ಸುತ್ತಿ ದಿನಾ ಒಂದು ಪುಟ ಬರೆದು ಅಭ್ಯಾಸ ಮಾಡಿದೆ. ಡಾಕ್ಟರು ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಈಗ ಬರೀತೇನೆ," ಎಂದು ಕಾಗದ ಎಳೆದುಕೊಂಡರು.

ಆಮೇಲಿನದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮರುವರ್ಷ ನಾನು ಪದವಿ ಪಡೆದೆ. ಈಗ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಬೀಜದ ಸಿಪ್ಪೆಯ ಹತ್ತಿರ ಇವತ್ತಿಗೂ ಹೋಗುವ ಹಾಗಿಲ್ಲ. ಗೇರುಮರದ ಕೆಳಗೆ ನಡೆದರೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತೇನೆ, ಮಾವಿನಮಿಡಿಯ ಸೊನೆ ತಾಗಿದರೂ ಬೆರಳ ಸಂದಿ ಎಚ್ಚರಾಗುತ್ತದೆ. ಪಾಯಸದಲ್ಲಿ ಬಿದ್ದ ಬೀಜವನ್ನು ಮಾತ್ರ ಬಿಡುವುದಿಲ್ಲ, ಅದು ನನಗೇನೂ ಮಾಡುವುದಿಲ್ಲ. ಈ ಎಲರ್ಜಿಯ ಜೊತೆಗೇ ಬದುಕುತ್ತಿದ್ದೇನೆ. ನಿಮ್ಮ ಕೈಗೆ ಹೀಗಾಗಿದ್ದರೆ ಡಾಕ್ಟರು ಕೇಳಿದಾಗ ಎಣ್ಣೆಯನ್ನೂ ಹೇಳಿ, ಅರಸಿನವನ್ನೂ ಹೇಳಿ, ಯಾರು ಪ್ರೀತಿಯಿಂದ ಹಚ್ಚಿದರೆಂಬುದನ್ನೂ ಹೇಳಿ.

ವಿಶ್ವವಿದ್ಯಾಲಯದ ದೊಡ್ಡ ಕಾಗದಕ್ಕೆ ಮಾವ ಕಟ್ಟು ಹಾಕಿಸಿ ಗೋಡೆಯಲ್ಲಿ ತೂಗಿಸಿದ್ದಾರೆ. ನನಗೆ ಹೆಚ್ಚು ನೆನಪಿರುವುದು ಡಾಕ್ಟರು ಕೊಟ್ಟ ಆ ಅರ್ಧ ಹಾಳೆ.

ಅದನ್ನು ಕೊಡಲು ಹೋದ ದಿನ ಅಮ್ಮ ಕೆಲಸಕ್ಕೆ ಹೋಗದೆ ನನ್ನ ಜೊತೆ ಬಂದಿದ್ದಳು. ಕಾಲೇಜಿನ ಒಳಗೆ ಅವಳು ಅದೇ ಮೊದಲು ಬಂದದ್ದು. ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಾಗಿಲ ಹೊರಗೆ ಜೊಹರಾ, ಅವಳ ಹಿಂದೆ ನಮ್ಮ ಕ್ಲಾಸಿನ ಏಳೆಂಟು ಹುಡುಗಿಯರು ನಿಂತಿದ್ದರು. ನಾನು ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟೆ. ಪ್ರಿನ್ಸಿಪಾಲರು ಎರಡು ಸಲ ಓದಿದರು.

"ಸಂತೋಷ," ಎಂದರು. "ಇವತ್ತಿನಿಂದಲೇ ಬಾ. ಆದರೂ ಸ್ವಲ್ಪ ದಿನ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತರೆ ಎಲ್ಲರಿಗೂ ಸಮಾಧಾನ."

ಅಮ್ಮ ಗೋಡೆಯ ಬದಿಯಿಂದ ಮೇಜಿನ ಹತ್ತಿರ ಬಂದಳು. ತನ್ನ ಎರಡು ಕಪ್ಪು ಅಂಗೈಗಳನ್ನು ಒಂದರೊಳಗೊಂದು ಹಿಡಿದುಕೊಂಡಿದ್ದಳು.

"ಅಮ್ಮಾ, ಕಾಗದ ಓದಿದ್ರಿ. ಈಗ ಅವಳ ಕೈ ಹಿಡಿದು ನೋಡಿ," ಎಂದಳು. "ನನ್ನದರಲ್ಲಿ ಬೀಜದ ಎಣ್ಣೆ ಉಂಟು, ನಾನು ಇನ್ನೂ ಮುಟ್ಟುವ ಹಾಗಿಲ್ಲ. ನೀವು ಮುಟ್ಟಬಹುದು."